‘ಫೋಕ್‌ಲೋರ್’ ಮತ್ತು ‘ಜಾನಪದ’: ಒಂದು ಪಾರಿಭಾಷಿಕ ಪದದ ಅರ್ಥ ಮತ್ತು ಪ್ರಯೋಗ

ಪೀಠಿಕೆ

ಪರಭಾಷೆಯ ಪಾರಿಭಾಷಿಕ ಪದವೊಂದು ಬಂದಾಗ ಅದರ ಅರ್ಥವನ್ನು ಕಲಿಯುವುದು ಸುಲಭ. ಪ್ರಯೋಗವನ್ನು ಕಲಿಯುವುದು ಕಷ್ಟ. ಅರ್ಥ ನಿಘಂಟಿನಲ್ಲಿ ದೊರೆಯುತ್ತದೆ. ಪ್ರಯೋಗವಾದರೋ ಆ ಪದವನ್ನು ಯಾರು, ಯಾವ ಸಂದರ್ಭದಲ್ಲಿ, ಯಾವುದಕ್ಕೆ ಎದುರಾಗಿ ಬಳಸುತ್ತಾರೆ ಎಂಬುದರಿಂದ ನಿರ್ಧಾರವಾಗುತ್ತದೆ. ಕನ್ನಡ ವಿದ್ವತ್ತು ಇಂಗ್ಲಿಷಿನಿಂದ ಕಲಿತ ಪದಗಳಲ್ಲಿ ‘ಫೋಕ್‌ಲೋರ್’ ಈ ಮಾತಿಗೆ ಒಳ್ಳೆಯ ನಿದರ್ಶನ. ಇದಕ್ಕೆ ಸಂವಾದಿಯಾಗಿ ನೆಲೆಗೊಂಡಿರುವ ‘ಜಾನಪದ’ ಎಂಬ ಪದ ಇಂದು ಒಂದು ಜ್ಞಾನಶಿಸ್ತಿನ, ಒಂದು ಅಕಾಡೆಮಿಯ, ಒಂದು ವಿಶ್ವವಿದ್ಯಾಲಯದ ಹೆಸರು. ಇಷ್ಟು ಭದ್ರವಾಗಿ ಬೇರೂರಿದ ಪದದ ಬಗ್ಗೆ ಮತ್ತೆ ಚರ್ಚಿಸುವ ಅಗತ್ಯವೇನು ಎಂಬ ಪ್ರಶ್ನೆ ಏಳುವುದು ಸಹಜ.

ಜಾನಪದವನ್ನು ಕುರಿತ ಹಲವು ಮಹಾಪ್ರಬಂಧಗಳ ಮೊದಲ ಅಧ್ಯಾಯವೇ ಈ ಪ್ರಶ್ನೆಗೆ ಉತ್ತರವಾಗಿದೆ. ಅಲ್ಲಿ ಕ್ರಮವೊಂದು ಸ್ಥಿರಪಟ್ಟಿದೆ. ಮೊದಲಿಗೆ ವಿಲಿಯಂ ಜಾನ್ ಥಾಮ್ಸ್ 1846ರಲ್ಲಿ ಈ ಪದವನ್ನು ಟಂಕಿಸಿದ ಸಂಗತಿ. ಆಮೇಲೆ ಪಾಶ್ಚಾತ್ಯ ವಿದ್ವಾಂಸರ ವ್ಯಾಖ್ಯೆಗಳ ಸಾಲು. ಕೊನೆಗೆ ‘ಇದಕ್ಕೆ ಕನ್ನಡದಲ್ಲಿ ಜಾನಪದ ಎನ್ನುತ್ತಾರೆ’ ಎಂಬ ಒಂದು ವಾಕ್ಯ. ಮುಂದಿನ ಅಧ್ಯಾಯದಲ್ಲಿ ಸಂಗ್ರಹಕಾರ್ಯ ಆರಂಭವಾಗುತ್ತದೆ. ಇಂಗ್ಲಿಷ್ ಪದದ ಚರಿತ್ರೆಗೆ ಪುಟಗಟ್ಟಲೆ ಸ್ಥಳ ಸಲ್ಲುವಾಗ ಕನ್ನಡದಲ್ಲಿ ನಿಂತ ಪದದ ಚರಿತ್ರೆಗೆ ಒಂದು ಪರಿಚ್ಛೇದವೂ ಸಲ್ಲುವುದಿಲ್ಲ. ಕಲಿತದ್ದು ಇಂಗ್ಲಿಷ್ ಪದದ ಅರ್ಥ, ಬಳಸುತ್ತಿರುವುದು ಇನ್ನೊಂದು ಪದ. ಇವೆರಡರ ನಡುವಿನ ಅಂತರದಲ್ಲಿ ಏನು ಉಳಿಯಿತು, ಏನು ಜಾರಿಹೋಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಥಾಮ್ಸ್‌ನ ಪದ

ಥಾಮ್ಸ್ ಈ ಪದವನ್ನು 1846ರ ಆಗಸ್ಟ್ 22ರ ‘ದಿ ಅಥೀನಿಯಂ’ ಪತ್ರಿಕೆಯಲ್ಲಿ ಆಂಬ್ರೋಸ್ ಮರ್ಟನ್ ಎಂಬ ಗುಪ್ತನಾಮದಲ್ಲಿ ಬರೆದ ಪತ್ರದ ಮೂಲಕ ಮುಂದಿಟ್ಟನು. ಅದುವರೆಗೆ ಇಂಗ್ಲೆಂಡಿನಲ್ಲಿ ‘ಜನಸಾಮಾನ್ಯರ ಪ್ರಾಚೀನಾವಶೇಷಗಳು’ ಎಂಬ ಅರ್ಥ ಕೊಡುವ, ಲ್ಯಾಟಿನ್ ಮೂಲದ ಒಂದು ನುಡಿಗಟ್ಟು ಬಳಕೆಯಲ್ಲಿತ್ತು. ಅದರ ಬದಲಿಗೆ ಅಚ್ಚ ಸ್ಯಾಕ್ಸನ್ ಸಮಾಸವೊಂದು ಸಾಕೆಂಬುದು ಅವನ ವಾದ. ಆಚಾರ, ಪದ್ಧತಿ, ನಂಬಿಕೆ, ಲಾವಣಿ, ಗಾದೆ ಮೊದಲಾದವು ಈ ಪದದ ವ್ಯಾಪ್ತಿಗೆ ಬರುತ್ತವೆಂದು ಅವನು ಸೂಚಿಸಿದನು. ಅವೆಲ್ಲ ಹಿಂದಿನ ಕಾಲದವು, ಕಣ್ಣೆದುರಿಗೇ ಅಳಿಯುತ್ತಿರುವಂಥವು ಎಂಬ ಆತಂಕವೂ ಪತ್ರದಲ್ಲಿದೆ. 1878ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸಂಸ್ಥೆ ಈ ಪದವನ್ನೇ ತನ್ನ ಹೆಸರಿನಲ್ಲಿ ಧರಿಸಿತು.

ಈ ಸಮಾಸದಲ್ಲಿ ಎರಡು ಅವಯವಗಳಿವೆ. ‘ಫೋಕ್’ ಎಂದರೆ ಜನ. ‘ಲೋರ್’ ಎಂಬುದು ಹಳೆಯ ಇಂಗ್ಲಿಷಿನ ‘ಲಾರ್’ ಎಂಬುದರಿಂದ ಬಂದದ್ದು. ಬೋಧನೆ, ಕಲಿಕೆ, ಕಲಿತು ಪಡೆದ ಅರಿವು ಎಂಬುದು ಅದರ ಅರ್ಥ. ಕಲಿಯುವುದು ಎಂಬರ್ಥದ ಇಂಗ್ಲಿಷ್ ಕ್ರಿಯಾಪದ ‘ಲರ್ನ್’ ಮತ್ತು ಬೋಧನೆ ಎಂಬರ್ಥದ ಜರ್ಮನ್ ಪದ ‘ಲೇರ’ ಇದೇ ಮೂಲದ ದಾಯಾದಿಗಳು. ಆದ್ದರಿಂದ ಪದಶಃ ಹೇಳುವುದಾದರೆ ಫೋಕ್‌ಲೋರ್ ಎಂದರೆ ಜನರ ಅರಿವು. ಹಾಡು, ಕತೆ, ಕುಣಿತಗಳು ಆ ಅರಿವಿನ ಕೆಲವು ರೂಪಗಳಷ್ಟೆ.

ಅರ್ಥ ಹೀಗಿದ್ದರೂ ಇಂಗ್ಲಿಷಿನ ನಿತ್ಯಪ್ರಯೋಗದಲ್ಲಿ ಈ ಪದಕ್ಕೆ ಇನ್ನೊಂದು ಛಾಯೆ ಸೇರಿಕೊಂಡಿತು. ಆಧಾರವಿಲ್ಲದ ಜನಜನಿತ ಮಾತನ್ನು, ತಪ್ಪು ತಿಳಿವಳಿಕೆಯನ್ನು ‘ಅದು ಬರಿಯ ಫೋಕ್‌ಲೋರ್’ ಎಂದು ತಳ್ಳಿಹಾಕುವ ರೂಢಿ ಅಲ್ಲಿದೆ. ಕನ್ನಡದ ‘ಜಾನಪದ’ ಈ ಛಾಯೆಯನ್ನು ಕಲಿಯಲೇ ಇಲ್ಲ. ಸುಳ್ಳುಸುದ್ದಿಯನ್ನು ಕನ್ನಡಿಗರು ‘ಅಂತೆಕಂತೆ’ ಎಂದಾರು, ‘ಕಟ್ಟುಕತೆ’ ಎಂದಾರು. ‘ಜಾನಪದ’ ಎಂದು ಯಾರೂ ಹೇಳುವುದಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿದ ಭಾಷಾಸಮಾಜದಲ್ಲಿ ಜನರ ಮಾತಿಗೆ ಸುಳ್ಳಿನ ಅರ್ಥ ಅಂಟಿಕೊಳ್ಳದಿರುವುದು ಸಹಜವೇ ಆಗಿದೆ. ನಿಘಂಟಿನಲ್ಲಿ ಸಮಾನಾರ್ಥಕಗಳೆನಿಸಿದ ಎರಡು ಪದಗಳು ಪ್ರಯೋಗದಲ್ಲಿ ಎಷ್ಟು ದೂರ ನಿಲ್ಲಬಲ್ಲವು ಎಂಬುದನ್ನು ಇದೊಂದೇ ಉದಾಹರಣೆ ತೋರಿಸುತ್ತದೆ.

‘ಜಾನಪದ’ದ ಪೂರ್ವಚರಿತ್ರೆ

ಸಂಸ್ಕೃತದಲ್ಲಿ ‘ಜನಪದ’ ಎಂದರೆ ಜನ ನೆಲೆಸಿದ ನಾಡು. ಬೌದ್ಧ ಗ್ರಂಥಗಳು ಹೇಳುವ 16 ಮಹಾಜನಪದಗಳು ರಾಜ್ಯಗಳೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸ್ವಾಮಿ, ಅಮಾತ್ಯರ ನಂತರ ಬರುವ ರಾಜ್ಯಾಂಗವೇ ಜನಪದ. ಕನ್ನಡದಲ್ಲಿಯೂ ಕವಿರಾಜಮಾರ್ಗಕಾರನು ಕಾವೇರಿ–ಗೋದಾವರಿಗಳ ನಡುವಣ ನಾಡನ್ನು ಹೇಳುವಾಗ ‘ಜನಪದ’ ಎಂಬ ಪದವನ್ನೇ ಬಳಸಿದ್ದಾನೆ. ಅಲ್ಲಿ ಹಳ್ಳಿ–ಪಟ್ಟಣಗಳ ಭೇದವಿಲ್ಲ. ಭಾಷೆಯಿಂದ ಒಂದಾದ ಇಡೀ ನಾಡಿಗೆ ಆ ಹೆಸರು ಸಂದಿದೆ.

‘ಜಾನಪದ’ ಎಂಬುದು ಇದರಿಂದ ಹುಟ್ಟಿದ ತದ್ಧಿತ ರೂಪ. ಜನಪದಕ್ಕೆ ಸಂಬಂಧಿಸಿದ್ದು, ಜನಪದದವನು ಎಂದು ಇದರ ಅರ್ಥ. ರಾಮಾಯಣದಲ್ಲಿ, ಅರ್ಥಶಾಸ್ತ್ರದಲ್ಲಿ ‘ಪೌರಜಾನಪದ’ ಎಂಬ ಜೋಡಿ ಕಾಣಿಸಿಕೊಳ್ಳುತ್ತದೆ. ಪೌರನು ಪಟ್ಟಣಿಗ, ಜಾನಪದನು ನಾಡಿಗ. ಅಶೋಕನು ತನ್ನ ಎಂಟನೆಯ ಶಿಲಾಶಾಸನದಲ್ಲಿ ಧರ್ಮಯಾತ್ರೆಯ ಪ್ರಯೋಜನಗಳನ್ನು ಹೇಳುವಾಗ ಜಾನಪದ ಜನರ ದರ್ಶನವನ್ನೂ ಸೇರಿಸಿದ್ದಾನೆ. ಈ ಎಲ್ಲ ಪ್ರಯೋಗಗಳಲ್ಲಿ ಜಾನಪದ ಎಂಬುದು ಮನುಷ್ಯರನ್ನು ಅಥವಾ ಅವರ ಗುಣವನ್ನು ಹೇಳುತ್ತದೆಯೇ ಹೊರತು ಅವರ ಹಾಡು–ಕತೆಗಳನ್ನಾಗಲೀ ಅವುಗಳ ಅಧ್ಯಯನವನ್ನಾಗಲೀ ಹೇಳುವುದಿಲ್ಲ. ಆ ಅರ್ಥ ಇಪ್ಪತ್ತನೆಯ ಶತಮಾನದ ವಿದ್ವತ್ತು ಅದಕ್ಕೆ ಕೊಟ್ಟದ್ದು.

ಪಾಣಿನಿಯ ವ್ಯಾಕರಣದಲ್ಲಿ ಇನ್ನೊಂದು ಅಪೂರ್ವ ಸುಳಿವಿದೆ. ಅಷ್ಟಾಧ್ಯಾಯಿಯ 4.1.42ನೆಯ ಸೂತ್ರ ‘ಜಾನಪದೀ’ ಎಂಬ ಸ್ತ್ರೀಲಿಂಗ ರೂಪವನ್ನು ‘ವೃತ್ತಿ’ ಎಂಬ ಅರ್ಥದಲ್ಲಿ ಸಾಧಿಸುತ್ತದೆ. ವೃತ್ತಿಯೆಂದರೆ ಜೀವನೋಪಾಯ, ಕಸುಬು. ನಾಡವರ ಬದುಕಿನ ಉಪಾಯಕ್ಕೇ ವೈಯಾಕರಣನು ಪ್ರತ್ಯೇಕ ರೂಪವೊಂದನ್ನು ಗುರುತಿಸಿದ್ದಾನೆ ಎಂಬುದು ಗಮನಾರ್ಹ. ಕನ್ನಡದ ಜಾನಪದ ಅಧ್ಯಯನ ಪದದ ಈ ಮುಖವನ್ನು ಬಹುಮಟ್ಟಿಗೆ ನೋಡಿಲ್ಲ.

ಹೀಗೆ ಕನ್ನಡ ವಿದ್ವಾಂಸರು ಇಂಗ್ಲಿಷ್ ಸಮಾಸಕ್ಕೆ ಸಮನಾಗಿ ಆಯ್ದುಕೊಂಡ ಪದದಲ್ಲಿ ‘ಫೋಕ್’ ಇದೆ, ‘ಲೋರ್’ಗೆ ಬೇರೆಯಾದ ಅವಯವವಿಲ್ಲ. ಅರಿವು ಎಂಬ ಭಾಗವನ್ನು ಓದುಗ ತಾನೇ ಊಹಿಸಿಕೊಳ್ಳಬೇಕು. ನೆರೆಯ ಭಾಷೆಗಳು ಬೇರೆ ಬೇರೆ ದಾರಿ ಹಿಡಿದಿವೆ. ತೆಲುಗು ‘ಜಾನಪದ ವಿಜ್ಞಾನಮು’ ಎಂದು ಅರಿವನ್ನು ಬಾಯಿಬಿಟ್ಟು ಹೇಳಿತು. ತಮಿಳು ‘ನಾಟ್ಟುಪ್ಪುಱವಿಯಲ್’ ಎಂದು ಹಳ್ಳಿಗಾಡಿನ ಜೊತೆಗೆ ಶಾಸ್ತ್ರವಾಚಿ ಪದವನ್ನು ಸೇರಿಸಿತು. ಕೇರಳದ ಅಕಾಡೆಮಿ ‘ಫೋಕ್‌ಲೋರ್’ ಎಂಬುದನ್ನೇ ತನ್ನ ಹೆಸರಿನಲ್ಲಿ ಉಳಿಸಿಕೊಂಡಿತು. ಕನ್ನಡ ಒಂದೇ ಪದದಲ್ಲಿ ಸಾಮಗ್ರಿಯನ್ನೂ ಶಾಸ್ತ್ರವನ್ನೂ ವಿಶೇಷಣವನ್ನೂ ತುಂಬಿತು. ‘ಜನಪದ ಗೀತೆ’ಯೋ ‘ಜಾನಪದ ಗೀತೆ’ಯೋ ಎಂಬ ಮುಗಿಯದ ಚರ್ಚೆಗೆ ಇದೇ ಕಾರಣ. ಸಮಾಸವಾಗಿ ಮೊದಲನೆಯದೂ ವಿಶೇಷಣವಾಗಿ ಎರಡನೆಯದೂ ವ್ಯಾಕರಣಕ್ಕೆ ಒಪ್ಪುತ್ತವೆ. ಜನರಿಗೆ ‘ಜನಪದ’, ಅವರ ಪರಂಪರೆಗೆ ಮತ್ತು ಅದರ ಶಾಸ್ತ್ರಕ್ಕೆ ‘ಜಾನಪದ’ ಎಂಬ ವಿಭಾಗ ವಿದ್ವಾಂಸರ ಅನುಕೂಲಕ್ಕೆ ಮಾಡಿಕೊಂಡದ್ದು. ಬಳಕೆ ಅದನ್ನು ಪೂರ್ತಿಯಾಗಿ ಮನ್ನಿಸಿಲ್ಲ.

ಸಂಗ್ರಹಕಾರರ ಪ್ರಯೋಗ

ಪದದ ಪ್ರಯೋಗವನ್ನು ವ್ಯಾಖ್ಯೆಗಳಿಗಿಂತ ಹೆಚ್ಚಾಗಿ ಸಂಗ್ರಹಗಳು ರೂಪಿಸಿದವು. ರೆವರೆಂಡ್ ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಅಚ್ಚಾಯಿತು. ಆಗ ಇಂಗ್ಲಿಷಿನಲ್ಲಿಯೇ ‘ಫೋಕ್‌ಲೋರ್’ ಇರಲಿಲ್ಲ. 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು ಗಾದೆಗಳನ್ನು ಹೇರಳವಾಗಿ ಉದಾಹರಿಸಿ ಪದಗಳ ಅರ್ಥವನ್ನು ಸ್ಪಷ್ಟಪಡಿಸಿತು. ಒಬ್ಬ ವಿದೇಶೀ ವಿದ್ವಾಂಸನು ಕನ್ನಡ ಪದಗಳ ಪ್ರಯೋಗವನ್ನು ಜನರ ಬಾಯಿಂದ ಕಲಿತ ಬಗೆಯಿದು.

ಅದೇ ಕಾಲದ ಇಂಗ್ಲಿಷ್ ಸಂಗ್ರಹಗಳಲ್ಲಿ ‘ಫೋಕ್’ ಎಂಬುದರ ಗಡಿ ಇನ್ನೂ ಸ್ಥಿರವಾಗಿರಲಿಲ್ಲ. ಚಾರ್ಲ್ಸ್ ಗೋವರ್ 1871ರಲ್ಲಿ ಮದರಾಸಿನಿಂದ ಪ್ರಕಟಿಸಿದ ದಕ್ಷಿಣ ಭಾರತದ ಫೋಕ್ ಹಾಡುಗಳ ಸಂಕಲನದಲ್ಲಿ ಕನ್ನಡದ ಭಾಗವನ್ನು ಪ್ರತಿನಿಧಿಸುವುದು ಮುಖ್ಯವಾಗಿ ದಾಸರ ಪದಗಳು. ಅದೇ ಸಂಕಲನದಲ್ಲಿ ತಮಿಳಿನ ಕುಱಳಿಗೂ ಸ್ಥಾನವಿದೆ. ಕರ್ತೃವಿನ ಅಂಕಿತವಿರುವ ಕೀರ್ತನೆಯೂ ನೀತಿಗ್ರಂಥವೂ ಗೋವರ್‌ನ ದೃಷ್ಟಿಯಲ್ಲಿ ಫೋಕ್ ಆಗಿದ್ದವು, ಏಕೆಂದರೆ ಅವು ಜನರ ಬಾಯಲ್ಲಿ ಇದ್ದವು. ಇಂದಿನ ವರ್ಗೀಕರಣಕ್ಕೆ ಇದು ತಪ್ಪೆನಿಸಬಹುದು. ಆದರೆ ಹುಟ್ಟಿಗಿಂತ ಚಲಾವಣೆಯನ್ನು ಲಕ್ಷಣವೆಂದು ಹಿಡಿದ ಈ ಪ್ರಯೋಗ ವಿಚಾರಾರ್ಹವಾಗಿದೆ. ಶಿಶುನಾಳ ಷರೀಫರ ತತ್ವಪದಗಳನ್ನು ಜಾನಪದ ಕಾರ್ಯಕ್ರಮಗಳಲ್ಲಿ ಹಾಡುವ ಇಂದಿನ ರೂಢಿಯೂ ಇದೇ ತರ್ಕವನ್ನು ಅನುಸರಿಸಿದೆ. ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಿಗಾದರೋ ಅವನು ಕೊಟ್ಟ ಹೆಸರು ‘ಬ್ಯಾಲಡ್’.

ಕನ್ನಡಿಗರೇ ಸಂಗ್ರಹಕ್ಕೆ ತೊಡಗಿದಾಗ ಅವರು ಮೊದಲು ‘ಜಾನಪದ’ವನ್ನು ಹುಡುಕಿ ಹೋಗಲಿಲ್ಲ. ಹಲಸಂಗಿ ಗೆಳೆಯರ 1931ರ ಸಂಕಲನ ‘ಗರತಿಯ ಹಾಡು’. ಅರ್ಚಕ ಬಿ. ರಂಗಸ್ವಾಮಿ, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಪುಸ್ತಕಗಳ ಹೆಸರಿನಲ್ಲಿರುವುದು ‘ಹಳ್ಳಿ’ ಮತ್ತು ‘ಹಾಡು’. ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿಯೇ ಪ್ರಕಟಿಸಿದ ಗ್ರಂಥ ‘ಪಟ್ಟೋಲೆ ಪಳಮೆ’. ‘ಪಳಮೆ’ ಎಂದರೆ ಹಳೆಯ ನುಡಿ, ಹಿರಿಯರಿಂದ ಬಂದ ತಿಳಿವಳಿಕೆ. ಹಾಡಿನ ಜೊತೆಗೆ ಕೊಡವರ ಆಚಾರ, ಕಟ್ಟುಕಟ್ಟಳೆ, ಗಾದೆಗಳನ್ನು ಒಳಗೊಂಡ ಆ ಗ್ರಂಥದ ಹೆಸರು ಥಾಮ್ಸ್‌ನ ‘ಲೋರ್’ಗೆ ಎಷ್ಟು ಹತ್ತಿರವೆಂದರೆ, ಕರ್ನಾಟಕದಲ್ಲಿ ಆ ಇಂಗ್ಲಿಷ್ ಪದದ ನಿಜವಾದ ಸಂವಾದಿಯನ್ನು ಹುಡುಕುವವರು ಕೊಡವ ಭಾಷೆಯ ಕಡೆಗೆ ನೋಡಬೇಕು.

ಕನ್ನಡದಲ್ಲಿ ಈ ಬಗೆಯ ವ್ಯಾಪಕ ಗ್ರಹಿಕೆ ಬರುವುದಕ್ಕೆ ಮೊದಲು ಹಾಡು ಮುಂದಾಯಿತು. ನವೋದಯದ ಕವಿಗಳು ಹಳ್ಳಿಯ ಹಾಡಿನಲ್ಲಿ ಕನ್ನಡ ಕಾವ್ಯದ ಚೈತನ್ಯವನ್ನು ಕಂಡದ್ದು ಇದಕ್ಕೆ ಒಂದು ಕಾರಣ. ಸಂಗ್ರಾಹಕರಲ್ಲಿ ಹಲವರು ಸಾಹಿತಿಗಳೂ ಕನ್ನಡ ಅಧ್ಯಾಪಕರೂ ಆಗಿದ್ದುದು ಇನ್ನೊಂದು. ಬಿ.ಎಸ್. ಗದ್ದಗಿಮಠ ಅವರ ಆರಂಭಕಾಲದ ಮಹಾಪ್ರಬಂಧ ಕೂಡ ಗೀತೆಗಳನ್ನೇ ಕುರಿತದ್ದು. ಪರಿಣಾಮವಾಗಿ ‘ಜಾನಪದ’ ಎಂಬ ಪದ ಶಾಸ್ತ್ರದಲ್ಲಿ ನೆಲೆಗೊಳ್ಳುವ ಹೊತ್ತಿಗೆ ಅದರ ಹೊಟ್ಟೆಯಲ್ಲಿ ಸಾಹಿತ್ಯವೇ ತುಂಬಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ರೂಪುಗೊಂಡ ಜಾನಪದ ವಸ್ತುಸಂಗ್ರಹಾಲಯ, 1970ರ ದಶಕದಲ್ಲಿ ಅಲ್ಲಿ ಆರಂಭವಾದ ಜಾನಪದ ಸ್ನಾತಕೋತ್ತರ ವ್ಯಾಸಂಗ, ಜೀ.ಶಂ. ಪರಮಶಿವಯ್ಯನವರ ಕ್ಷೇತ್ರಕಾರ್ಯ ಇವು ಪದದ ವ್ಯಾಪ್ತಿಯನ್ನು ಹಿಗ್ಗಿಸಿದವು. ನೇಗಿಲು, ಮೊರ, ಸೂತ್ರದ ಗೊಂಬೆ, ಸೋಮನ ಮೊಗ ಇವೂ ಜಾನಪದವೆಂದು ಓದುಗರು ಕಲಿತದ್ದು ಇವುಗಳಿಂದ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಅದೇ ಪಾಠವನ್ನು ಸಾಮಾನ್ಯ ಸಂದರ್ಶಕರವರೆಗೆ ಒಯ್ದಿತು. ಆದರೂ ವಸ್ತು ಸಂಗ್ರಹಾಲಯ ಸೇರಿತು, ಅದನ್ನು ಮಾಡಬಲ್ಲ ತಿಳಿವಳಿಕೆ ಹೊರಗೇ ಉಳಿಯಿತು.

ಜನರ ಪದಗಳು

ಹಾಡುವವರ ಬಳಕೆಯಲ್ಲಿ ‘ಜಾನಪದ’ ಎಂಬ ಪದ ಇರಲಿಲ್ಲ. ಅವರಲ್ಲಿರುವುದು ಬೀಸುವ ಪದ, ಕುಟ್ಟುವ ಪದ, ಹಂತಿಯ ಪದ, ಸೋಬಾನೆ ಪದ, ಚೌಡಿಕೆ ಪದ, ಗೀಗೀ ಪದ. ಈ ಹೆಸರುಗಳು ಸೂಕ್ಷ್ಮವಾದವು. ಕೆಲವದರಲ್ಲಿ ಕೆಲಸವಿದೆ, ಕೆಲವದರಲ್ಲಿ ಸಂದರ್ಭ, ಕೆಲವದರಲ್ಲಿ ವಾದ್ಯ. ಕಣದಲ್ಲಿ ಎತ್ತುಗಳನ್ನು ಸುತ್ತಿಸುವಾಗ ಹುಟ್ಟುವ ಹಾಡು ಹಂತಿಯ ಪದ. ಎತ್ತಿನ ನಡೆ, ತೆನೆಯ ಹದ, ಇರುಳಿನ ಹೊತ್ತು ಇವುಗಳ ಅರಿವಿಲ್ಲದೆ ಆ ಹಾಡಿಲ್ಲ. ಸಂಗ್ರಾಹಕನು ಅದನ್ನು ಬರೆದುಕೊಂಡು ತ್ರಿಪದಿಯೆಂದು ಛಂದಸ್ಸಿನಡಿ, ಭಕ್ತಿಯೆಂದು ವಸ್ತುವಿನಡಿ ಸೇರಿಸಿದಾಗ ಹಾಡು ಉಳಿಯಿತು. ಕಣದ ತಿಳಿವಳಿಕೆ ಅಡಿಟಿಪ್ಪಣಿಯಾಯಿತು. ಜನರು ಕೊಟ್ಟ ಹೆಸರಿನಲ್ಲಿ ಒಂದಾಗಿದ್ದ ಕೆಲಸ ಮತ್ತು ಹಾಡು ವಿದ್ವಾಂಸರು ಕೊಟ್ಟ ಹೆಸರಿನಲ್ಲಿ ಬೇರೆಯಾದವು.

ಇದರ ಫಲವನ್ನು ಸಮೀಪದ ನಿದರ್ಶನವೊಂದರಲ್ಲಿ ಕಾಣಬಹುದು. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಇಬ್ಬರು ಹಾಲಕ್ಕಿ ಮಹಿಳೆಯರಿಗೆ ಪದ್ಮಶ್ರೀ ಸಂದಿತು. ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ, ಕಲಾವಿಭಾಗದಲ್ಲಿ. ತುಳಸಿ ಗೌಡ ಅವರಿಗೆ 2020ರ ಸಾಲಿನಲ್ಲಿ, ಸಮಾಜಸೇವಾ ವಿಭಾಗದಲ್ಲಿ. ಮೊದಲನೆಯವರು ತಮ್ಮ ಸಮುದಾಯದ ನೂರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು; ಎರಡನೆಯವರು ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಬಲ್ಲವರಾಗಿದ್ದರು. ಇಬ್ಬರೂ ಅಕ್ಷರದ ನೆರವಿಲ್ಲದೆ ಕಲಿತವರು. ಥಾಮ್ಸ್‌ನ ಪದದ ವ್ಯುತ್ಪತ್ತಿಯ ಪ್ರಕಾರ ಇಬ್ಬರ ಅರಿವೂ ‘ಲೋರ್’ ಆಗುತ್ತದೆ. ಪಾಣಿನಿಯ ಸೂತ್ರವನ್ನು ನೆನೆದರೆ ಎರಡನೆಯದು ‘ಜಾನಪದೀ ವೃತ್ತಿ’ಗೆ ಇನ್ನಷ್ಟು ಹತ್ತಿರದ್ದು. ಆದರೆ ಕನ್ನಡದ ಪ್ರಯೋಗದಲ್ಲಿ ಮೊದಲನೆಯವರು ಜಾನಪದ ಕಲಾವಿದೆ, ಎರಡನೆಯವರು ಪರಿಸರ ಕಾರ್ಯಕರ್ತೆ. ಸುಕ್ರಿ ಬೊಮ್ಮಗೌಡರ ಹಾಡುಗಳ ಬಗ್ಗೆ ಜಾನಪದ ವಿಭಾಗಗಳು ಅಧ್ಯಯನ ಮಾಡಿದರೆ ತುಳಸಿ ಗೌಡರ ಬಗ್ಗೆ ಬರೆದವರು ಮುಖ್ಯವಾಗಿ ಪತ್ರಕರ್ತರು ಮತ್ತು ಪರಿಸರಾಸಕ್ತರು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ನಿಧನರಾದರು. ಹಾಡಿನ ಸಂಗ್ರಹಕ್ಕೆ ನಮ್ಮಲ್ಲಿ ಒಂದು ವಿಧಾನಶಾಸ್ತ್ರವಿದೆ. ಬೀಜದ ಅರಿವನ್ನು ದಾಖಲಿಸುವುದಕ್ಕೆ ಜಾನಪದ ವಿಧಾನಶಾಸ್ತ್ರ ಅಷ್ಟೇ ಪ್ರಮಾಣದಲ್ಲಿ ಬೆಳೆದಿಲ್ಲ. ಪದವೊಂದರ ಅರ್ಧಭಾಗವನ್ನು ಕಲಿಯದಿದ್ದುದಕ್ಕೆ ತೆತ್ತ ಬೆಲೆ ಇದು.

ಊರು, ನಗರ ಮತ್ತು ಹೊಸ ಪ್ರಯೋಗ

ವ್ಯಾಖ್ಯೆಗಳು ಮುಂದೆ ಸಾಗಿದವು. 1949ರ ಮರಿಯಾ ಲೀಚ್ ಸಂಪಾದಿತ ಕೋಶ ಫೋಕ್‌ಲೋರಿಗೆ 21 ವ್ಯಾಖ್ಯೆಗಳನ್ನು ಕೊಟ್ಟು ಅರ್ಥ ಒಂದಲ್ಲವೆಂದು ಒಪ್ಪಿಕೊಂಡಿತು. ಅಲನ್ ಡಂಡೆಸ್ 1965ರಲ್ಲಿ ಯಾವುದಾದರೂ ಒಂದು ಸಮಾನ ಅಂಶವಿರುವ ಯಾವ ಗುಂಪಾದರೂ ‘ಫೋಕ್’ ಎಂದನು. ಡಾನ್ ಬೆನ್-ಆಮೋಸ್ 1971ರಲ್ಲಿ ಸಣ್ಣ ಗುಂಪುಗಳ ಕಲಾತ್ಮಕ ಸಂವಹನ ಎಂದು ಅದನ್ನು ನಿರೂಪಿಸಿದನು. ಇವೆರಡೂ ಕನ್ನಡದ ತರಗತಿಗಳಲ್ಲಿ ಪಾಠವಾಗಿವೆ, ಪರೀಕ್ಷೆಗಳಲ್ಲಿ ಪ್ರಶ್ನೆಗಳಾಗಿವೆ. ಇವುಗಳ ಪ್ರಕಾರ ಬೆಂಗಳೂರಿನ ಕರಗವೂ ಆಟೋರಿಕ್ಷಾಗಳ ಹಿಂಬರಹವೂ ವಿದ್ಯಾರ್ಥಿನಿಲಯದ ದೆವ್ವದ ಕತೆಯೂ ಜಾನಪದದ ಒಳಗೇ ಬರಬೇಕು. ಆದರೆ ‘ಪೌರ’ಕ್ಕೆ ಎದುರಾಗಿ ಹುಟ್ಟಿದ ‘ಜಾನಪದ’ ಪದ ತನ್ನ ಹಳೆಯ ವಿರೋಧವನ್ನು ಬಿಟ್ಟುಕೊಟ್ಟಿಲ್ಲ. ವ್ಯಾಖ್ಯೆಯನ್ನು ಕಂಠಪಾಠ ಮಾಡಿದ ಸಂಶೋಧಕನೂ ವಿಷಯದ ಆಯ್ಕೆಗೆ ಹಳ್ಳಿಯ ಬಸ್ಸನ್ನೇ ಹತ್ತುತ್ತಾನೆ.

ಸಂಸ್ಥೆಗಳ ಹೆಸರುಗಳೂ ಇದೇ ಅನಿಶ್ಚಿತತೆಯನ್ನು ದಾಖಲಿಸಿವೆ. ಒಂದು ಕಾಲಕ್ಕೆ ಕರ್ನಾಟಕದಲ್ಲಿ ಇದ್ದದ್ದು ‘ಜಾನಪದ ಮತ್ತು ಯಕ್ಷಗಾನ ಅಕಾಡೆಮಿ’. ಯಕ್ಷಗಾನ ಜಾನಪದದ ಒಳಗಿದ್ದರೆ ‘ಮತ್ತು’ ಬೇಕಿಲ್ಲ. ಹೊರಗಿದ್ದರೆ ಒಂದೇ ಸೂರು ಏಕೆ? ಲಿಖಿತ ಪ್ರಸಂಗ, ಕರ್ತೃವಿನ ಹೆಸರು, ಕಟ್ಟುನಿಟ್ಟಾದ ತಾಳವ್ಯವಸ್ಥೆ ಉಳ್ಳ ಕಲೆಯೊಂದರ ಸ್ಥಾನವನ್ನು ಶಾಸ್ತ್ರ ನಿರ್ಧರಿಸಲಾರದೆ ಹೋದಾಗ ಒಂದು ಸಮುಚ್ಚಯಾವ್ಯಯ ಆ ಭಾರವನ್ನು ಹೊತ್ತಿತು. ಆಮೇಲೆ ಯಕ್ಷಗಾನ, ಬಯಲಾಟಗಳಿಗೆ ಬೇರೆ ಅಕಾಡೆಮಿಗಳಾದವು. ಆಡಳಿತದ ಮಟ್ಟಿಗೆ ಪ್ರಶ್ನೆ ಬಗೆಹರಿಯಿತು. ಪರಿಕಲ್ಪನೆಯ ಮಟ್ಟಿಗೆ ಹಾಗೆಯೇ ಉಳಿಯಿತು.

ಈ ನಡುವೆ ಪದ ಕಲಾವಿದರ ಕೈಗೂ ತಲುಪಿತು. ಮಾಸಾಶನದ ಅರ್ಜಿ, ಉತ್ಸವದ ಆಹ್ವಾನ, ಪ್ರಶಸ್ತಿಪತ್ರ ಇವುಗಳ ಮೂಲಕ ನೀಲಗಾರರು, ಗೊರವರು, ಜೋಗತಿಯರು ‘ಜಾನಪದ ಕಲಾವಿದ’ ಎಂಬ ಹೆಸರನ್ನು ಕಲಿತರು. ಗುಡ್ಡರಾಗಿ, ಒಕ್ಕಲಿನ ಗುರುಗಳಾಗಿ, ದೇವರ ಮಕ್ಕಳಾಗಿ ಇದ್ದವರಿಗೆ ಈ ಹೆಸರು ಒಂದು ಗೌರವವನ್ನೂ ಒಂದಿಷ್ಟು ಆದಾಯವನ್ನೂ ತಂದಿತು ಎಂಬುದು ನಿಜ. ಅದೇ ಹೊತ್ತಿಗೆ ವ್ರತವಾಗಿದ್ದುದನ್ನು ಕಲೆಯೆಂದು ನಮೂದಿಸುವ ಅನಿವಾರ್ಯತೆಯನ್ನೂ ತಂದಿತು ಎಂಬುದನ್ನು ಮರೆಯಬಾರದು.

ಇತ್ತೀಚಿನ ಬೆಳವಣಿಗೆ ಇನ್ನೂ ಕುತೂಹಲಕರ. ಉತ್ತರ ಕರ್ನಾಟಕದ ಯುವಕ ಯುವತಿಯರು ತಾವೇ ಬರೆದು, ತಾವೇ ಹಾಡಿ, ವಾದ್ಯಯಂತ್ರಗಳನ್ನು ಸೇರಿಸಿ ಯೂಟ್ಯೂಬಿನಲ್ಲಿ ಹರಿಯಬಿಡುವ ಹಾಡುಗಳನ್ನು ‘ಜಾನಪದ’ ಎಂದೇ ಕರೆಯುತ್ತಾರೆ. ಇವುಗಳಿಗೆ ಕರ್ತೃವಿದ್ದಾನೆ, ಕಾಲವಿದೆ, ಮಾರುಕಟ್ಟೆಯಿದೆ. ವಸ್ತು ಹೆಚ್ಚಾಗಿ ಪ್ರೇಮ, ವಿರಹ, ಊರಿನ ಅಭಿಮಾನ. ಇದು ಜಾನಪದವಲ್ಲ, ಪದದ ದುರುಪಯೋಗ ಎಂಬ ಆಕ್ಷೇಪ ವಿದ್ವತ್ ವಲಯದಲ್ಲಿ ಕೇಳಿಬರುತ್ತದೆ. ಹಲವು ಹಾಡುಗಳ ಗುಣಮಟ್ಟದ ಬಗ್ಗೆ ಆ ಆಕ್ಷೇಪಕ್ಕೆ ಆಧಾರವಿರಬಹುದು. ಆದರೆ ಪ್ರಯೋಗದ ದೃಷ್ಟಿಯಿಂದ ಇದೊಂದು ಮಹತ್ವದ ತಿರುವು. ಲಂಡನ್ನಿನ ಪತ್ರಿಕೆಯೊಂದರಲ್ಲಿ ಹುಟ್ಟಿ, ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ರೂಪ ತೊಟ್ಟು, ಸರ್ಕಾರಿ ಅರ್ಜಿಯಲ್ಲಿ ಹಳ್ಳಿಗೆ ಇಳಿದ ಪರಿಕಲ್ಪನೆಯನ್ನು ಇಲ್ಲಿ ಜನರು ತಮ್ಮದೇ ಸೃಷ್ಟಿಗೆ ತಾವೇ ಇಟ್ಟುಕೊಂಡಿದ್ದಾರೆ. ‘ನಮ್ಮ ಮಾತು, ನಮ್ಮ ಧಾಟಿ, ನಮ್ಮ ಊರು’ ಎಂಬುದು ಅವರ ಪ್ರಯೋಗದಲ್ಲಿ ಪದದ ಅರ್ಥ. ಗೋವರ್‌ನ ಚಲಾವಣೆಯ ಲಕ್ಷಣಕ್ಕೂ ಕವಿರಾಜಮಾರ್ಗದ ಭಾಷಾನಾಡಿನ ಜನಪದಕ್ಕೂ ಈ ಅರ್ಥ ದೂರವಿಲ್ಲ. ಜನರ ಪ್ರಯೋಗವನ್ನು ಪ್ರಮಾಣವೆಂದು ಸಾರುವ ಶಾಸ್ತ್ರವು ತನ್ನದೇ ಹೆಸರಿನ ಪ್ರಯೋಗದಲ್ಲಿ ಮಾತ್ರ ಜನರನ್ನು ತಿದ್ದಲು ಹೊರಡುವುದು ಅಸಂಗತವಾಗುತ್ತದೆ.

ಉಪಸಂಹಾರ

‘ಜಾನಪದ’ ಎಂಬ ಪದವನ್ನು ಕೈಬಿಟ್ಟು ಹೊಸದನ್ನು ಟಂಕಿಸಬೇಕೆಂಬುದು ಈ ಚರ್ಚೆಯ ನಿಲುವಲ್ಲ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹೆಸರಿನವರೆಗೆ ಬೆಳೆದು ನಿಂತಿರುವ ಪದವನ್ನು ಬದಲಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಅಗತ್ಯವಿರುವುದು ಅದನ್ನು ಕಲಿಸುವ ಕ್ರಮದಲ್ಲಿ ಬದಲಾವಣೆ. ಮೊದಲ ಅಧ್ಯಾಯದಲ್ಲಿ ಥಾಮ್ಸ್‌ನ ಪತ್ರದ ಪಕ್ಕದಲ್ಲಿ ‘ಪೌರಜಾನಪದ’ದ ವಿರೋಧ, ‘ಜಾನಪದೀ’ ವೃತ್ತಿಯ ಸೂತ್ರ, ‘ಪಳಮೆ’ ಎಂಬ ಕೊಡವ ಪದ, ಹಂತಿಯ ಪದ–ಬೀಸುವ ಪದಗಳೆಂಬ ಜನರ ವರ್ಗೀಕರಣ ಇವುಗಳಿಗೂ ಸ್ಥಾನ ದೊರೆಯಬೇಕು. ಆಗ ಸಂಶೋಧಕನು ಹಾಡುವವಳ ಮುಂದೆ ಕುಳಿತಾಗ ಹಾಡಿನ ಜೊತೆಗೆ ಅವಳು ಬಲ್ಲ ಬೀಜ, ಬೇರು, ಬಾಣಂತನ, ಮಳೆ ನಕ್ಷತ್ರಗಳನ್ನೂ ಕೇಳುತ್ತಾನೆ. ಅವು ಜಾನಪದದ ಪೂರಕ ಮಾಹಿತಿಯಲ್ಲ. ಆ ಪದದ ಕಲಿಯದೆ ಉಳಿದ ಅರ್ಧ. ಅವುಗಳನ್ನು ಬಲ್ಲ ಹಿರಿಯ ತಲೆಮಾರು ಕಣ್ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಆ ಅರ್ಧವನ್ನು ಕಲಿಯಲು ಉಳಿದಿರುವ ಕಾಲ ಹೆಚ್ಚಿಲ್ಲ.